ಆ್ಯಂಟಿಆಕ್ಸಿಡೆಂಟ್ ಕ್ಯಾಪ್ಸೂಲ್‌ಗಳು, ಏರಿದ ಎಎಲ್‌ಟಿ, ಇಳಿಯದ ತೂಕ: ಒಂದು ಪ್ರಕರಣ ಅಧ್ಯಯನ

ಹಿನ್ನೆಲೆ

ಹಳೆ ಮೈಸೂರು ಸೀಮೆಯ ತಾಲ್ಲೂಕು ಪಟ್ಟಣವೊಂದರಲ್ಲಿ ಪ್ರೌಢಶಾಲಾ ಶಿಕ್ಷಕಿಯಾಗಿರುವ, ನಲವತ್ತು ದಾಟಿದ ಮಹಿಳೆಯೊಬ್ಬರ ಪ್ರಕರಣವಿದು. ಅವರ ಒಪ್ಪಿಗೆ ಪಡೆದು, ಗುರುತು ಹತ್ತಬಹುದಾದ ವಿವರಗಳನ್ನು ಬದಲಿಸಿ ಬರೆದಿದ್ದೇನೆ. ಅವರನ್ನು ಶಿಕ್ಷಕಿ ಎಂದಷ್ಟೇ ಕರೆಯುತ್ತೇನೆ. ಚಿಕಿತ್ಸೆಯ ಹೊಣೆ ಫಿಜಿಶಿಯನ್ ಒಬ್ಬರದು. ಪಿತ್ತಜನಕಾಂಗದ (ಲಿವರಿನ) ವಿಷಯದಲ್ಲಿ ಗ್ಯಾಸ್ಟ್ರೋಎಂಟರಾಲಜಿಸ್ಟ್ ಒಬ್ಬರ ಸಲಹೆ ಪಡೆಯಲಾಗಿತ್ತು. ಆಹಾರ ತಜ್ಞೆಯಾಗಿ ಊಟ ತಿಂಡಿಯ ಭಾಗವನ್ನು ನಾನು ನೋಡಿಕೊಂಡೆ.

ಮೊದಲ ಭೇಟಿಯಲ್ಲಿ ಅವರ ಎತ್ತರ 154 ಸೆಂ.ಮೀ., ತೂಕ 81 ಕಿಲೋ, ಸೊಂಟದ ಸುತ್ತಳತೆ 102 ಸೆಂ.ಮೀ. ಇತ್ತು. ಎತ್ತರಕ್ಕೆ ಹೋಲಿಸಿ ತೂಕವನ್ನು ಹೇಳುವ ಬಿಎಂಐ 34ರ ಆಸುಪಾಸು. ಭಾರತೀಯರಲ್ಲಿ ಕಡಿಮೆ ತೂಕಕ್ಕೇ ಹೊಟ್ಟೆಯೊಳಗೆ ಕೊಬ್ಬು ಸೇರಿಕೊಳ್ಳುವುದರಿಂದ ಬಿಎಂಐ 25 ತಲುಪಿದರೆ ಬೊಜ್ಜು ಎಂದೂ, ಮಹಿಳೆಯರ ಸೊಂಟ 80 ಸೆಂ.ಮೀ. ಮುಟ್ಟಿದರೆ ಅಪಾಯವೆಂದೂ ನಮ್ಮಲ್ಲಿ ಪರಿಗಣಿಸಲಾಗುತ್ತದೆ. ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ಹೇಳುವ ಎಚ್‌ಬಿಎ1ಸಿ 6.3 ಇತ್ತು, ಅಂದರೆ ಮಧುಮೇಹದ ಹೊಸ್ತಿಲು. ರಕ್ತದೊತ್ತಡ 138/88. ಹಿಂದಿನ ವರ್ಷದ ಸ್ಕ್ಯಾನಿಂಗ್‌ನಲ್ಲಿ ಎರಡನೇ ದರ್ಜೆಯ ಫ್ಯಾಟಿ ಲಿವರ್ ಕಂಡುಬಂದಿತ್ತು. ಆಗ, ಲಿವರ್‌ಗೆ ಪೆಟ್ಟಾದಾಗ ರಕ್ತದಲ್ಲಿ ಏರುವ ಕಿಣ್ವವಾದ ಎಎಲ್‌ಟಿ 48, ಅಂದರೆ ಮಿತಿಗಿಂತ ತುಸು ಮೇಲೆ. ಥೈರಾಯ್ಡ್ ಸರಿಯಿತ್ತು. ಮದ್ಯ, ತಂಬಾಕಿನ ಅಭ್ಯಾಸವಿರಲಿಲ್ಲ.

ಅವರ ತಾಯಿ ಸಕ್ಕರೆ ಕಾಯಿಲೆಯಿಂದ ಮೂತ್ರಪಿಂಡ ಕೆಟ್ಟು ಕೊನೆಯ ವರ್ಷಗಳನ್ನು ಡಯಾಲಿಸಿಸ್‌ನಲ್ಲಿ ಕಳೆದವರು. ಈ ಸಂಗತಿಯನ್ನು ಇಲ್ಲಿ ಹೇಳಲೇಬೇಕು; ಏಕೆಂದರೆ ಶಿಕ್ಷಕಿಯ ಮುಂದಿನ ಎಲ್ಲ ತೀರ್ಮಾನಗಳ ಹಿಂದೆ ಆ ನೆನಪಿನ ಭಯವಿತ್ತು. ಅವರು ಆರೋಗ್ಯವನ್ನು ಅಲಕ್ಷಿಸಿದವರಲ್ಲ. ತಮಗೆ ತಿಳಿದಂತೆ, ತಮ್ಮ ಸಂಬಳದ ಗಣನೀಯ ಪಾಲನ್ನು ಖರ್ಚು ಮಾಡಿ, ಶ್ರದ್ಧೆಯಿಂದ ಕಾಪಾಡಿಕೊಳ್ಳಲು ಹೊರಟವರು.

ಸಮಸ್ಯೆ

ಕೆಲವು ವಾರಗಳಿಂದ ವಿಪರೀತ ಆಯಾಸ, ಬೆಳಗಿನ ಹೊತ್ತು ವಾಕರಿಕೆ, ಊಟ ಸೇರದಿರುವುದು ಎಂದು ಅವರು ಫಿಜಿಶಿಯನ್ ಬಳಿ ಬಂದರು. ರಕ್ತ ಪರೀಕ್ಷೆಯಲ್ಲಿ ಎಎಲ್‌ಟಿ 212 ಬಂತು. ಬಿಲಿರುಬಿನ್ ಸಹಜವಾಗಿತ್ತು, ಕಾಮಾಲೆ ಇರಲಿಲ್ಲ. ಫ್ಯಾಟಿ ಲಿವರ್ ಇರುವವರಲ್ಲಿ ಈ ಕಿಣ್ವ ಸ್ವಲ್ಪ ಹೆಚ್ಚಿರುವುದು ಸಾಮಾನ್ಯ. ಆದ್ದರಿಂದ "ಕೊಬ್ಬಿನ ಲಿವರ್, ತೂಕ ಇಳಿಸಿ" ಎಂದು ಬರೆದು ಕಳುಹಿಸಿಬಿಡುವುದು ಸುಲಭವಿತ್ತು. ಫಿಜಿಶಿಯನ್ ಹಾಗೆ ಮಾಡಲಿಲ್ಲ. ಒಂದೇ ವರ್ಷದಲ್ಲಿ 48ರಿಂದ 212ಕ್ಕೆ, ಅಂದರೆ ಮಿತಿಯ ಐದು ಪಟ್ಟಿಗೂ ಮೇಲಕ್ಕೆ ಏರಬೇಕಾದರೆ ಕೊಬ್ಬಿನ ಜೊತೆಗೆ ಇನ್ನೇನೋ ಇರಬೇಕೆಂದು ಅವರು ಅನುಮಾನಿಸಿದರು. ಹೆಪಟೈಟಿಸ್ ಎ, ಬಿ, ಸಿ, ಇ ವೈರಸ್‌ಗಳ ಪರೀಕ್ಷೆಗಳೂ, ದೇಹದ ರಕ್ಷಣಾ ವ್ಯವಸ್ಥೆಯೇ ಲಿವರ್ ಮೇಲೆರಗುವ ಆಟೋಇಮ್ಯೂನ್ ಹೆಪಟೈಟಿಸ್‌ನ ಪ್ರತಿಕಾಯಗಳ ಪರೀಕ್ಷೆಯೂ ನೆಗೆಟಿವ್ ಬಂದವು.

"ಯಾವುದಾದರೂ ಔಷಧಿ ತೆಗೆದುಕೊಳ್ಳುತ್ತಿದ್ದೀರಾ?" ಎಂಬ ಪ್ರಶ್ನೆಗೆ ಅವರ ಉತ್ತರ ಪ್ರತಿಬಾರಿಯೂ "ಇಲ್ಲ ಡಾಕ್ಟ್ರೇ" ಎಂದೇ ಇತ್ತು. ಅದು ಸುಳ್ಳಾಗಿರಲಿಲ್ಲ, ಅವರ ದೃಷ್ಟಿಯಲ್ಲಿ ಅವರು ಔಷಧಿ ತೆಗೆದುಕೊಳ್ಳುತ್ತಿರಲಿಲ್ಲ. ಆಹಾರದ ವಿವರ ಬರೆದುಕೊಳ್ಳುವಾಗ ನಾನು ಪ್ರಶ್ನೆಯನ್ನು ಬೇರೆ ರೀತಿಯಲ್ಲಿ ಇಟ್ಟೆ: ಬೆಳಿಗ್ಗೆ ಎದ್ದಾಗಿನಿಂದ ಮಲಗುವವರೆಗೆ ಬಾಯಿಗೆ ಹೋಗುವ ಎಲ್ಲವನ್ನೂ, ಪುಡಿ, ರಸ, ಗುಳಿಗೆ, ಕಷಾಯ ಏನೇ ಇದ್ದರೂ, ಅದರ ಡಬ್ಬಿಯ ಸಮೇತ ಮುಂದಿನ ಭೇಟಿಗೆ ಒಂದು ಚೀಲದಲ್ಲಿ ತನ್ನಿ ಎಂದೆ.

ಚೀಲದಲ್ಲಿ ಐದು ಡಬ್ಬಿಗಳಿದ್ದವು. ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ ಬಿಸಿನೀರಿನೊಂದಿಗೆ ಎರಡು ಗ್ರೀನ್ ಟೀ ಸಾರದ ಕ್ಯಾಪ್ಸೂಲ್. ತಿಂಡಿಯ ನಂತರ 1000 ಮಿ.ಗ್ರಾಂ ವಿಟಮಿನ್ ಸಿ ಮತ್ತು 400 ಯೂನಿಟ್ ವಿಟಮಿನ್ ಇ. ಮಧ್ಯಾಹ್ನ ಕರಿಮೆಣಸಿನ ಸಾರ ಬೆರೆಸಿದ ಅರಿಶಿನದ ಕ್ಯಾಪ್ಸೂಲ್. ರಾತ್ರಿ ಹೊರದೇಶದ ಹಣ್ಣಿನದೆಂದು ಹೇಳುವ ಗಾಢ ಬಣ್ಣದ ರಸ. ತಿಂಗಳಿಗೆ ಆರೂವರೆ ಸಾವಿರ ರೂಪಾಯಿ ಖರ್ಚು. ಇವನ್ನು ಮಾರುತ್ತಿದ್ದವರು ಅವರ ನಾದಿನಿ, ಅಂದರೆ ಗಂಡನ ತಂಗಿ. "ನಿನ್ನ ಕೊಬ್ಬು ಒಳಗೆ ತುಕ್ಕು ಹಿಡಿಯುತ್ತಿದೆ ಅತ್ತಿಗೆ, ಆ್ಯಂಟಿಆಕ್ಸಿಡೆಂಟ್ ಹೊಟ್ಟೆಗೆ ಹೋದರೆ ತೂಕ ತಾನಾಗಿ ಇಳಿಯುತ್ತದೆ" ಎಂದು ಆಕೆ ನಂಬಿಕೆಯಿಂದಲೇ ಹೇಳಿದ್ದರು. ಅದಕ್ಕೆ ಪುರಾವೆಯೆಂಬಂತೆ ಖಾಸಗಿ ಲ್ಯಾಬೊಂದರ ವರದಿಯೂ ಚೀಲದಲ್ಲಿತ್ತು. ಅದರಲ್ಲಿ ಎಂಡಿಎ, ಅಂದರೆ ಕೊಬ್ಬು ಉತ್ಕರ್ಷಣಗೊಂಡಾಗ (ಆಮ್ಲಜನಕದೊಡನೆ ವರ್ತಿಸಿ ಕೆಟ್ಟಾಗ) ಉಳಿಯುವ ಮ್ಯಾಲಾಂಡಿಆಲ್ಡಿಹೈಡ್, ಕೆಂಪು ಅಕ್ಷರಗಳಲ್ಲಿ "ಹೆಚ್ಚು" ಎಂದಿತ್ತು.

ನಂಬಿಕೆಯಲ್ಲಿದ್ದ ನಿಜ

ಈ ಪ್ರಕರಣದ ಕಷ್ಟವಿರುವುದು ಇಲ್ಲಿಯೇ. ನಾದಿನಿಯ ಮಾತಿನ ಮೊದಲರ್ಧ ನಿಜ. ಬೊಜ್ಜಿನಲ್ಲಿ ಉತ್ಕರ್ಷಣ ಒತ್ತಡ ಹೆಚ್ಚಿರುತ್ತದೆ; ಅಂದರೆ ಕೋಶಗಳಿಗೆ ಹಾನಿ ಮಾಡಬಲ್ಲ ಕ್ರಿಯಾಶೀಲ ಆಮ್ಲಜನಕ ಕಣಗಳು ದೇಹದ ರಕ್ಷಣೆಯನ್ನು ಮೀರಿ ಹುಟ್ಟುತ್ತವೆ. ಆ ಕಣಗಳನ್ನು ತಡೆಯುವ ವಸ್ತುಗಳಿಗೇ ಆ್ಯಂಟಿಆಕ್ಸಿಡೆಂಟ್ ಎನ್ನುತ್ತಾರೆ. ಇದು ಮಾರಾಟಗಾರರು ಕಟ್ಟಿದ ಕಥೆಯಲ್ಲ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಹೃದಯ ಅಧ್ಯಯನದ ಎರಡು ಸಾವಿರಕ್ಕೂ ಹೆಚ್ಚು ಮಂದಿಯ ಮೂತ್ರದಲ್ಲಿ ಈ ಒತ್ತಡವನ್ನು ತೋರಿಸುವ ಐಸೊಪ್ರೊಸ್ಟೇನ್ ಎಂಬ ಸೂಚಕವನ್ನು ಅಳೆದು 2003ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ, ಬಿಎಂಐ ಏರಿದಂತೆ ಆ ಸೂಚಕವೂ ಏರಿತ್ತು. ಮರುವರ್ಷ ಜಪಾನಿನ ಸಂಶೋಧಕರು ಇಲಿಗಳಲ್ಲಿ ತೋರಿಸಿದ್ದು ಇನ್ನೂ ಮುಖ್ಯವಾದದ್ದು: ಈ ಒತ್ತಡ ಮುಖ್ಯವಾಗಿ ಹುಟ್ಟುವ ಜಾಗ ಕೊಬ್ಬಿನ ಅಂಗಾಂಶವೇ.

ಕೊಬ್ಬಿನ ಕೋಶ ಊದಿಕೊಂಡು ದೊಡ್ಡದಾದಾಗ ಅದಕ್ಕೆ ರಕ್ತನಾಳದಿಂದ ಆಮ್ಲಜನಕ ಸಾಲದಾಗುತ್ತದೆ. ಸಾಯತೊಡಗಿದ ಕೋಶಗಳ ಸುತ್ತ ಮ್ಯಾಕ್ರೊಫೇಜ್ ಎಂಬ ರಕ್ಷಣಾ ಕೋಶಗಳು ಬಂದು ನೆರೆಯುತ್ತವೆ. ಕೋಶದ ಹೊರಪೊರೆಯಲ್ಲಿರುವ ಎನ್‌ಎಡಿಪಿಎಚ್ ಆಕ್ಸಿಡೇಸ್ ಎಂಬ ಕಿಣ್ವ ಚುರುಕಾಗಿ ಸೂಪರ್‌ಆಕ್ಸೈಡ್ ಎಂಬ ಕ್ರಿಯಾಶೀಲ ಆಮ್ಲಜನಕ ಕಣವನ್ನು ತಯಾರಿಸುತ್ತದೆ. ಇನ್ನೊಂದೆಡೆ, ಅಗತ್ಯಕ್ಕಿಂತ ಹೆಚ್ಚು ಕೊಬ್ಬು ಮತ್ತು ಸಕ್ಕರೆ ಬಂದು ಬೀಳುವುದರಿಂದ ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾಗಳಲ್ಲಿಯೂ ಇಂಥ ಕ್ರಿಯಾಶೀಲ ಆಮ್ಲಜನಕ ಕಣಗಳು ಸೋರಿಹೋಗುತ್ತವೆ. ಇದರ ಫಲವಾಗಿ ಇನ್ಸುಲಿನ್‌ಗೆ ನೆರವಾಗುವ ಅಡಿಪೊನೆಕ್ಟಿನ್ ಹಾರ್ಮೋನು ಕಡಿಮೆಯಾಗುತ್ತದೆ, ಉರಿಯೂತದ ಸಂಕೇತಗಳು ಹೆಚ್ಚುತ್ತವೆ. ಊಟವೂ ಇದರಲ್ಲಿ ಪಾಲುದಾರ. ಆರೋಗ್ಯವಂತರಿಗೆ 75 ಗ್ರಾಂ ಗ್ಲೂಕೋಸ್ ಕುಡಿಸಿದರೆ ಕೂಡ ಬಿಳಿ ರಕ್ತಕಣಗಳು ಈ ಕಣಗಳನ್ನು ತಯಾರಿಸುವುದು ಕೆಲವು ಗಂಟೆಗಳ ಕಾಲ ಹೆಚ್ಚುತ್ತದೆಂದು 2000ದಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ಬೊಜ್ಜಿರುವವರ ರಕ್ತದಲ್ಲಿ ವಿಟಮಿನ್ ಸಿ ಮತ್ತು ಸೊಪ್ಪು, ಹಣ್ಣುಗಳ ಬಣ್ಣದ ವಸ್ತುಗಳಾದ ಕ್ಯಾರೊಟಿನಾಯ್ಡ್‌ಗಳ ಮಟ್ಟ ಕಡಿಮೆ ಇರುವುದೂ ಹಲವು ಬಾರಿ ಕಂಡುಬಂದಿರುವ ಸಂಗತಿ.

ಇಷ್ಟು ಗೊತ್ತಾದ ಮೇಲೆ "ಕಡಿಮೆ ಇರುವುದನ್ನು ಗುಳಿಗೆಯಲ್ಲಿ ತುಂಬಿದರಾಯಿತು" ಎಂಬ ತರ್ಕ ಸಹಜವಾಗಿಯೇ ಬರುತ್ತದೆ. ವಿಜ್ಞಾನಿಗಳಿಗೂ ಬಂದಿತ್ತು, ಅದಕ್ಕಾಗಿಯೇ ದೊಡ್ಡ ಪ್ರಯೋಗಗಳು ನಡೆದವು. ಫಿನ್ಲೆಂಡಿನಲ್ಲಿ 29,133 ಮಂದಿ ಧೂಮಪಾನಿ ಪುರುಷರ ಮೇಲೆ ನಡೆದ, 1994ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಬೀಟಾ ಕ್ಯಾರೊಟಿನ್ ಗುಳಿಗೆ ಪಡೆದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚಾಯಿತು. ಹೃದ್ರೋಗದ ಅಪಾಯವಿದ್ದವರಿಗೆ ದಿನಕ್ಕೆ 400 ಯೂನಿಟ್ ವಿಟಮಿನ್ ಇ ಕೊಟ್ಟು ನೋಡಿದ ಹೋಪ್ ಪ್ರಯೋಗ 2000ದಲ್ಲಿ ಯಾವ ಲಾಭವನ್ನೂ ಕಾಣಲಿಲ್ಲ. ಅದೇ ಪ್ರಮಾಣದ ವಿಟಮಿನ್ ಇ ಪಡೆದ ಪುರುಷರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಶೇ. 17ರಷ್ಟು ಹೆಚ್ಚಿದ್ದನ್ನು ಸೆಲೆಕ್ಟ್ ಪ್ರಯೋಗ 2011ರಲ್ಲಿ ವರದಿ ಮಾಡಿತು. ನಮ್ಮ ಶಿಕ್ಷಕಿ ಧೂಮಪಾನಿಯೂ ಅಲ್ಲ, ಪುರುಷರೂ ಅಲ್ಲ; ಈ ಅಂಕಿಗಳನ್ನು ಹಾಗೆಯೇ ಅವರಿಗೆ ಅನ್ವಯಿಸಲಾಗದು. ಆದರೆ "ಆ್ಯಂಟಿಆಕ್ಸಿಡೆಂಟ್ ಎಂದರೆ ಎಷ್ಟು ತೆಗೆದುಕೊಂಡರೂ ತೊಂದರೆಯಿಲ್ಲ" ಎಂಬ ಮಾತಿಗೆ ಇವುಗಳ ನಂತರ ಆಧಾರ ಉಳಿಯುವುದಿಲ್ಲ.

ಅವರಿಗೆ ನೇರವಾಗಿ ತಾಗುವ ಅಧ್ಯಯನ ಬೇರೆಯಿತ್ತು. ಶಿಕ್ಷಕಿ ಪ್ರತಿದಿನ ಸಂಜೆ ಶಾಲೆಯ ಮೈದಾನದಲ್ಲಿ ನಡೆಯುತ್ತಿದ್ದರು. 2009ರಲ್ಲಿ ಜರ್ಮನಿಯ ಸಂಶೋಧಕರು ಯುವಕರಿಗೆ ನಾಲ್ಕು ವಾರ ವ್ಯಾಯಾಮ ಮಾಡಿಸಿ, ಅರ್ಧದಷ್ಟು ಮಂದಿಗೆ 1000 ಮಿ.ಗ್ರಾಂ ವಿಟಮಿನ್ ಸಿ ಮತ್ತು 400 ಯೂನಿಟ್ ವಿಟಮಿನ್ ಇ ಕೊಟ್ಟರು. ಇವರು ನುಂಗುತ್ತಿದ್ದ ಪ್ರಮಾಣವೂ ಅದೇ. ವಿಟಮಿನ್ ಇಲ್ಲದೆ ವ್ಯಾಯಾಮ ಮಾಡಿದವರಲ್ಲಿ ಇನ್ಸುಲಿನ್ ಕೆಲಸ ಸುಧಾರಿಸಿತು, ವಿಟಮಿನ್ ಪಡೆದವರಲ್ಲಿ ಆ ಸುಧಾರಣೆ ಕಾಣಲಿಲ್ಲ. ವ್ಯಾಯಾಮದ ಹೊತ್ತಿನಲ್ಲಿ ಸ್ನಾಯುವಿನಲ್ಲಿ ಹುಟ್ಟುವ ಅಲ್ಪ ಪ್ರಮಾಣದ ಕ್ರಿಯಾಶೀಲ ಆಮ್ಲಜನಕ ಕಣಗಳೇ ದೇಹಕ್ಕೆ "ನಿನ್ನ ರಕ್ಷಣೆಯನ್ನು ಹೆಚ್ಚಿಸಿಕೋ" ಎಂಬ ಸೂಚನೆ ಕೊಡುತ್ತವೆ. ಆ ಸೂಚನೆಯನ್ನೇ ಅಳಿಸಿಬಿಟ್ಟರೆ ನಡಿಗೆಯ ಲಾಭದ ಒಂದು ಭಾಗ ಅಳಿಸಿಹೋಗಬಹುದು. ಎಲ್ಲ ಅಧ್ಯಯನಗಳೂ ಇದನ್ನೇ ಕಂಡಿಲ್ಲ. ಆದರೂ ಸಕ್ಕರೆ ಕಾಯಿಲೆಯನ್ನು ದೂರವಿಡಲೆಂದೇ ನಡೆಯುತ್ತಿದ್ದ ಒಬ್ಬರ ವಿಷಯದಲ್ಲಿ ಈ ಸಂದೇಹವನ್ನು ಪಕ್ಕಕ್ಕಿಡುವಂತಿರಲಿಲ್ಲ.

ನಿಲ್ಲಿಸುವ ತೀರ್ಮಾನ

ಗ್ರೀನ್ ಟೀ ಡಬ್ಬಿಯ ಲೇಬಲ್ ಪ್ರಕಾರ ಪ್ರತಿ ಕ್ಯಾಪ್ಸೂಲಿನಲ್ಲಿ 450 ಮಿ.ಗ್ರಾಂ ಇಜಿಸಿಜಿ ಎಂಬ ಚಹಾ ಎಲೆಯ ಸಂಯುಕ್ತ ಇತ್ತು. ಎರಡು ಸೇರಿದರೆ ದಿನಕ್ಕೆ 900 ಮಿ.ಗ್ರಾಂ. ಪೂರಕಗಳ ಮೂಲಕ ದಿನಕ್ಕೆ 800 ಮಿ.ಗ್ರಾಂ ಅಥವಾ ಹೆಚ್ಚು ಇಜಿಸಿಜಿ ಸೇವಿಸಿದವರಲ್ಲಿ ಲಿವರ್ ಕಿಣ್ವಗಳು ಏರುತ್ತವೆ ಎಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿಯೇ ಹೇಳಿದೆ. ಬರಿ ಹೊಟ್ಟೆಯಲ್ಲಿ ನುಂಗಿದರೆ ಅದು ಇನ್ನೂ ಹೆಚ್ಚು ಹೀರಿಕೊಳ್ಳಲ್ಪಡುತ್ತದೆ. ಶಿಕ್ಷಕಿಗೆ ಸಿಕ್ಕಿದ್ದ ಸಲಹೆ ಅದೇ ಆಗಿತ್ತು. ಅರಿಶಿನದ ಕ್ಯಾಪ್ಸೂಲೂ ಅನುಮಾನದಿಂದ ಹೊರತಾಗಿರಲಿಲ್ಲ. ಅಡುಗೆಯ ಅರಿಶಿನದಲ್ಲಿ ಅದರ ಮುಖ್ಯ ಸಂಯುಕ್ತವಾದ ಕರ್ಕ್ಯುಮಿನ್ ಇರುವುದು ತೂಕದ ಶೇ. 3ರ ಆಸುಪಾಸು, ಅದರಲ್ಲಿಯೂ ಬಹುಪಾಲು ದೇಹಕ್ಕೆ ಸೇರದೆ ಹೊರಹೋಗುತ್ತದೆ. ಕ್ಯಾಪ್ಸೂಲಿನಲ್ಲಿ ಅದನ್ನು ಸಾಂದ್ರಗೊಳಿಸಿ, ಹೀರಿಕೆ ಹೆಚ್ಚಲೆಂದೇ ಮೆಣಸಿನ ಪೈಪರಿನ್ ಸೇರಿಸಿರುತ್ತಾರೆ. ಇಂಥ ಉತ್ಪನ್ನಗಳಿಂದ ಲಿವರ್‌ಗೆ ಪೆಟ್ಟಾದ ಪ್ರಕರಣಗಳು ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿವೆ. ಸಾರಿಗೆ ಹಾಕುವ ಚಿಟಿಕೆ ಅರಿಶಿನದ ಬಗ್ಗೆ ಹೆದರಬೇಕಿಲ್ಲ ಎಂಬುದನ್ನು ನಾವು ಅವರಿಗೆ ಬಿಡಿಸಿ ಹೇಳಿದೆವು.

ಗ್ಯಾಸ್ಟ್ರೋಎಂಟರಾಲಜಿಸ್ಟ್ ಐದನ್ನೂ ಒಟ್ಟಿಗೆ ನಿಲ್ಲಿಸಲು ಹೇಳಿದರು. ಒಂದೊಂದಾಗಿ ನಿಲ್ಲಿಸಿದ್ದರೆ ಯಾವುದರಿಂದ ಹಾನಿಯಾಯಿತೆಂದು ಪತ್ತೆಯಾಗುತ್ತಿತ್ತು ಎಂಬ ವಾದವಿದೆ. ಆದರೆ ಆ ಐದರಲ್ಲಿ ಒಂದಾದರೂ ಅವರಿಗೆ ಅಗತ್ಯವಾಗಿರಲಿಲ್ಲ. ಹಾಗಿದ್ದ ಮೇಲೆ ಪತ್ತೆದಾರಿಕೆಗಾಗಿ ಲಿವರನ್ನು ಇನ್ನೂ ಕೆಲವು ವಾರ ಅಪಾಯದಲ್ಲಿಡಲು ಯಾರಿಗೂ ಮನಸ್ಸಿರಲಿಲ್ಲ. ತೂಕ ಇಳಿಸುವ ಚುಚ್ಚುಮದ್ದಿನ ಮಾತೂ ಆಗ ಬಂದಿತ್ತು. ಕಿಣ್ವ ಇಳಿಯುವವರೆಗೆ ಹೊಸದೊಂದನ್ನು ಸೇರಿಸಿದರೆ ಮುಂದೆ ಏನಾದರೂ ಏರುಪೇರಾದಾಗ ಕಾರಣ ತಿಳಿಯುವುದಿಲ್ಲವೆಂದು ಫಿಜಿಶಿಯನ್ ಅದನ್ನು ಮುಂದಕ್ಕೆ ಹಾಕಿದರು.

ಶಿಕ್ಷಕಿ ತಕ್ಷಣ ಒಪ್ಪಲಿಲ್ಲ. "ನಿಲ್ಲಿಸಿದರೆ ಒಳಗಿನ ವಿಷವೆಲ್ಲ ಹೆಚ್ಚಾಗುವುದಿಲ್ಲವಾ ಮೇಡಂ?" ಎಂದು ಅವರು ಕೇಳಿದಾಗ ಅವರ ಕಣ್ಣೆದುರು ತಾಯಿಯೇ ಇದ್ದರೆಂದು ನನಗೆ ಗೊತ್ತಿತ್ತು. ಉಕ್ಕುವ ಹಾಲಿಗೆ ನೀರು ಚಿಮುಕಿಸುತ್ತಾ ನಿಲ್ಲುವ ಬದಲು ಒಲೆಯ ಉರಿಯನ್ನೇ ತಗ್ಗಿಸೋಣ ಎಂದೆ. ಉರಿ ಎಲ್ಲೆಲ್ಲಿದೆಯೋ ಅದನ್ನು ಹುಡುಕುವುದೇ ನಮ್ಮ ಮುಂದಿನ ಕೆಲಸವಾಯಿತು.

ಇನ್ನೊಂದು ತೊಡಕು ವೈದ್ಯಕೀಯದ್ದಲ್ಲ. ಕ್ಯಾಪ್ಸೂಲ್ ಬಿಟ್ಟರೆ ನಾದಿನಿಗೆ ಬೇಸರ, ಗಂಡನ ಮನೆಯಲ್ಲಿ ಮಾತು. ಈ ಕಾರಣದಿಂದಲೇ ಎಷ್ಟೋ ಮಂದಿ ವೈದ್ಯರೆದುರು ತಲೆಯಾಡಿಸಿ ಮನೆಯಲ್ಲಿ ಮುಂದುವರಿಸುತ್ತಾರೆ. ಫಿಜಿಶಿಯನ್ ಔಷಧ ಚೀಟಿಯಲ್ಲಿಯೇ "ಲಿವರ್ ಪರೀಕ್ಷೆಯ ಫಲಿತಾಂಶದ ಕಾರಣ ಎಲ್ಲ ಪೂರಕಗಳನ್ನೂ ನಿಲ್ಲಿಸಲಾಗಿದೆ" ಎಂದು ಬರೆದು, ಎಎಲ್‌ಟಿ ಸಂಖ್ಯೆಯನ್ನು ಪಕ್ಕದಲ್ಲಿ ನಮೂದಿಸಿ ಸಹಿ ಹಾಕಿಕೊಟ್ಟರು. ನಾದಿನಿಯನ್ನು ದೂರದೆ, ಉತ್ಪನ್ನವನ್ನು ಹಳಿಯದೆ, ಹೊಣೆಯನ್ನು ಡಾಕ್ಟರ ಮೇಲೆ ಹಾಕಿ ಶಿಕ್ಷಕಿ ಹೊರಬರಲು ಆ ಒಂದು ಸಾಲು ಸಾಕಾಯಿತು.

ಊಟದ ತಟ್ಟೆ

ಆ್ಯಂಟಿಆಕ್ಸಿಡೆಂಟ್‌ಗಾಗಿ ಅಷ್ಟು ಖರ್ಚು ಮಾಡುತ್ತಿದ್ದ ಮನೆಯ ಊಟದಲ್ಲಿ ತರಕಾರಿ ಮತ್ತು ಹಣ್ಣು ಎರಡೂ ಸೇರಿ ದಿನಕ್ಕೆ 120 ಗ್ರಾಂ ದಾಟುತ್ತಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಕನಿಷ್ಠ 400 ಗ್ರಾಂ ಎನ್ನುತ್ತದೆ. ಬೆಳಿಗ್ಗೆ ಅವಸರದಲ್ಲಿ ಎರಡು ಇಡ್ಲಿ ಅಥವಾ ಏನೂ ಇಲ್ಲ. ಡಬ್ಬಿಗೆ ಚಿತ್ರಾನ್ನ ಅಥವಾ ಅನ್ನ-ಸಾರು, ಮೂಲೆಯಲ್ಲಿ ಒಂದು ಚಮಚ ಪಲ್ಯ. ಸಂಜೆ ಸ್ಟಾಫ್ ರೂಮಿಗೆ ಬರುವ ಬೋಂಡ ಮತ್ತು ಸಕ್ಕರೆ ಹಾಕಿದ ಕಾಫಿ. ರಾತ್ರಿ ಒಂಬತ್ತೂವರೆಯ ನಂತರ ಹಸಿದು ಹೋದಾಗ ಹೊಟ್ಟೆ ತುಂಬ ಅನ್ನ. ಹಬ್ಬಕ್ಕೆ ಕರಿದ ಎಣ್ಣೆಯನ್ನು ಸೋಸಿಟ್ಟು ವಾರಗಟ್ಟಲೆ ಒಗ್ಗರಣೆಗೆ ಬಳಸುವ ರೂಢಿಯೂ ಇತ್ತು. ಮತ್ತೆ ಮತ್ತೆ ಕಾಯಿಸಿದ ಎಣ್ಣೆಯಲ್ಲಿ ಕೊಬ್ಬು ಉತ್ಕರ್ಷಣಗೊಂಡ ಸಂಯುಕ್ತಗಳು ಶೇಖರವಾಗುತ್ತವೆ. ಹೋಟೆಲುಗಳ ಕರಿಯುವ ಎಣ್ಣೆಯಲ್ಲಿ ಒಟ್ಟು ಪೋಲಾರ್ ಸಂಯುಕ್ತಗಳು ಶೇ. 25 ಮೀರಬಾರದೆಂಬ ನಿಯಮ ದೇಶದಲ್ಲಿ 2018ರ ಜುಲೈಯಿಂದ ಜಾರಿಯಲ್ಲಿರುವುದು ಈ ಸಂಯುಕ್ತಗಳಿಗಾಗಿಯೇ. ಮನೆಯ ಬಾಣಲೆಯನ್ನು ಮಾತ್ರ ಯಾರೂ ಅಳೆಯುವುದಿಲ್ಲ.

ನಾನು ಅವರಿಗೆ ಹೊಸ ಆಹಾರವೊಂದನ್ನೂ ಬರೆದುಕೊಡಲಿಲ್ಲ. ಆ ಸೀಮೆಯ ಅಡುಗೆಯಲ್ಲಿ ಬೇಕಾದದ್ದೆಲ್ಲ ಇದೆ. ಅವರ ಅತ್ತೆಗೆ ಅದು ಇಂದಿಗೂ ಕೈಗೂಡಿದ ಅಡುಗೆ. ಬಸ್ಸಾರನ್ನೇ ನೋಡಿ. ಸೊಪ್ಪು ಮತ್ತು ಕಾಳು ಬೇಯಿಸಿ ಬಸಿದ ನೀರನ್ನು ಚೆಲ್ಲದೆ ಸಾರು ಮಾಡುವುದರಿಂದ ನೀರಿಗಿಳಿದ ಖನಿಜಗಳೂ ಸಸ್ಯ ಸಂಯುಕ್ತಗಳಾದ ಪಾಲಿಫೀನಾಲ್‌ಗಳೂ ಊಟದಲ್ಲಿಯೇ ಉಳಿಯುತ್ತವೆ. ಬಸಿದ ಸೊಪ್ಪಿನಲ್ಲಿ ಉಳಿಯುವ ಕ್ಯಾರೊಟಿನಾಯ್ಡ್‌ಗಳು ಎಣ್ಣೆಯಿಲ್ಲದೆ ದೇಹಕ್ಕೆ ಸರಿಯಾಗಿ ಸೇರುವುದಿಲ್ಲ. ಪಲ್ಯಕ್ಕೆ ಹಾಕುವ ಒಗ್ಗರಣೆ ಮತ್ತು ಕಾಯಿತುರಿ ಆ ಕೆಲಸ ಮಾಡುತ್ತವೆ. ಬಿಸಿಗೆ ನಾಶವಾಗುವ ವಿಟಮಿನ್ ಸಿಗೆ ಪಕ್ಕದಲ್ಲಿ ಹಸಿ ಕೋಸಂಬರಿ, ಮೇಲೊಂದಿಷ್ಟು ನಿಂಬೆರಸ. ಭಾರತೀಯ ಮಹಿಳೆಗೆ ದಿನಕ್ಕೆ ಬೇಕಾದ ವಿಟಮಿನ್ ಸಿ 65 ಮಿ.ಗ್ರಾಂ, ಮಧ್ಯಮ ಗಾತ್ರದ ಒಂದು ಸೀಬೆಹಣ್ಣು ಅದನ್ನು ಮೀರಿಸುತ್ತದೆ. ಅವರು ನುಂಗುತ್ತಿದ್ದದ್ದು ಆ ಅಗತ್ಯದ ಹದಿನೈದು ಪಟ್ಟು. ವಿಟಮಿನ್ ಇಗೆ ಒಂದು ಹಿಡಿ ಕಡಲೆಕಾಯಿ ಬೀಜ ಸೂಚಿಸಿದೆ.

ಆದರೆ ಇವನ್ನು ಇದ್ದ ಊಟದ ಮೇಲೆ ಹೆಚ್ಚುವರಿಯಾಗಿ ಸೇರಿಸಿದರೆ ಪ್ರಯೋಜನವಿಲ್ಲ, ಬೇರೆ ಯಾವುದರದೋ ಜಾಗವನ್ನು ಇವು ತೆಗೆದುಕೊಳ್ಳಬೇಕು. ಈ ಒಂದು ವಿಷಯದಲ್ಲಿ ನಾನು ಪಟ್ಟು ಹಿಡಿದೆ. ಸೊಪ್ಪಿನ ಪಲ್ಯ ಬಡಿಸುವಾಗ ಅನ್ನದ ಸೌಟು ಅರ್ಧಕ್ಕಿಳಿಯಬೇಕು, ಬೋಂಡದ ಹೊತ್ತಿಗೆ ಸೀಬೆಹಣ್ಣು ಬರಬೇಕು. ಮುದ್ದೆಯ ವಿಷಯದಲ್ಲಿ ಅತ್ತೆಯೊಂದಿಗೆ ಚರ್ಚೆಯಾಯಿತು. "ಮುದ್ದೆ ತಿಂದ್ರೆ ಸಕ್ರೆ ಬರಲ್ಲ ಕಣಮ್ಮ, ನಮ್ಮ ಕಾಲದಲ್ಲಿ ಎರಡೆರಡು ತಿಂತಿದ್ವಿ" ಎಂದು ಆಕೆ ವಾದಿಸಿದರು. ರಾಗಿಯ ಪಾಲಿಫೀನಾಲ್‌ಗಳು ಮತ್ತು ನಾರು ಅದರ ಸಿಪ್ಪೆಯಲ್ಲಿರುವುದರಿಂದ ಇಡಿಯಾಗಿ ಬೀಸಿದ ಹಿಟ್ಟು ಪಾಲಿಶ್ ಮಾಡಿದ ಅಕ್ಕಿಗಿಂತ ಖಂಡಿತ ಮೇಲು. ಆದರೆ ನುಣ್ಣಗೆ ಬೀಸಿ ಬೇಯಿಸಿದ ಹಿಟ್ಟಿನ ಪಿಷ್ಟ ಸಕ್ಕರೆಯನ್ನು ಏರಿಸದೆ ಬಿಡುವುದಿಲ್ಲ, ಮತ್ತು ಆ ಕಾಲದ ಹೊಲದ ದುಡಿಮೆ ಈಗಿನ ಕುರ್ಚಿಯಲ್ಲಿಲ್ಲ. ಕೊನೆಗೆ ನಿಂಬೆಗಿಂತ ತುಸು ದೊಡ್ಡದಾದ ಒಂದೇ ಮುದ್ದೆ, ಅದರೊಡನೆ ಹುರುಳಿ ಅಥವಾ ಅವರೆ ಕಾಳಿನ ಸಾರು ಎಂದು ತೀರ್ಮಾನವಾಯಿತು. ಕರಿದ ಎಣ್ಣೆಯನ್ನು ಉಳಿಸಬಾರದು, ಅದಕ್ಕಾಗಿ ಕರಿಯುವಾಗ ಚಿಕ್ಕ ಬಾಣಲೆಯಲ್ಲಿ ಕಡಿಮೆ ಎಣ್ಣೆ ಇಡಬೇಕು ಎಂಬುದನ್ನು ಅತ್ತೆ ತಾವೇ ಸೂಚಿಸಿದರು.

ರಾತ್ರಿಯ ಉಸಿರು

ಎರಡು ತಿಂಗಳಲ್ಲಿ ಎಎಲ್‌ಟಿ 212ರಿಂದ 96ಕ್ಕೆ, ಅಲ್ಲಿಂದ 51ಕ್ಕೆ ಇಳಿಯಿತು. ವಾಕರಿಕೆ ಹೋಯಿತು. ಪೂರಕಗಳಿಂದ ಆದ ಲಿವರ್ ಹಾನಿ ಎಂಬ ರೋಗನಿರ್ಣಯ ಸಂಭವನೀಯ ಎಂದು ದಾಖಲಾಯಿತು. ಖಚಿತಪಡಿಸಿಕೊಳ್ಳಲು ಮತ್ತೆ ಕ್ಯಾಪ್ಸೂಲ್ ಕೊಟ್ಟು ನೋಡುವ ಪ್ರಶ್ನೆಯೇ ಇರಲಿಲ್ಲ. ಆದರೆ ಆಯಾಸ ಮಾತ್ರ ಹೋಗಲಿಲ್ಲ, ತೂಕವೂ ಎರಡು ಕಿಲೋ ಇಳಿದು ಅಲ್ಲಿಯೇ ನಿಂತಿತು. ಮಧ್ಯಾಹ್ನದ ಮೂರನೇ ಪೀರಿಯಡ್ಡಿನಲ್ಲಿ ಕುಳಿತಲ್ಲೇ ತೂಕಡಿಕೆ, ಅದನ್ನು ಓಡಿಸಲು ಸಿಹಿ ಕಾಫಿ, ಸಂಜೆ ನಡೆಯಲು ಶಕ್ತಿಯಿಲ್ಲ.

ಆ ಭೇಟಿಗೆ ಅವರ ಜೊತೆ ಕಾಲೇಜು ಓದುವ ಮಗಳು ಬಂದಿದ್ದಳು. ನಿದ್ದೆ ಹೇಗೆ ಎಂಬ ಪ್ರಶ್ನೆಗೆ ತಾಯಿ "ಚೆನ್ನಾಗೇ ಬರುತ್ತೆ" ಎಂದರೆ, ಮಗಳು "ಅಮ್ಮ ಗೊರಕೆ ಹೊಡೀತಾಳೆ, ಮಧ್ಯೆ ಉಸಿರೇ ನಿಂತುಹೋದ ಹಾಗಾಗತ್ತೆ, ನನಗೆ ಹೆದರಿಕೆಯಾಗತ್ತೆ" ಎಂದಳು. ಈ ಪ್ರಕರಣದ ಎರಡನೇ ತಿರುವು ಆ ಮಾತಿನಲ್ಲಿತ್ತು. ಗೊರಕೆಯನ್ನು ಗಂಡಸರ ಕಾಯಿಲೆಯೆಂದು ಎಣಿಸುವುದರಿಂದಲೂ, ಹೆಂಗಸರು ಅದನ್ನು ಹೇಳಿಕೊಳ್ಳಲು ಸಂಕೋಚಪಡುವುದರಿಂದಲೂ ಮಹಿಳೆಯರಲ್ಲಿ ಸ್ಲೀಪ್ ಆಪ್ನಿಯಾ (ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವ ಕಾಯಿಲೆ) ಪತ್ತೆಯಾಗದೆ ಉಳಿಯುವುದು ಬಹಳ. ಜಿಲ್ಲಾ ಕೇಂದ್ರದಲ್ಲಿ ಮಾಡಿಸಿದ ನಿದ್ರಾ ಪರೀಕ್ಷೆಯಲ್ಲಿ ಗಂಟೆಗೆ ಸರಾಸರಿ 34 ಬಾರಿ ಉಸಿರು ನಿಲ್ಲುವುದು ಅಥವಾ ಕುಗ್ಗುವುದು ಕಂಡುಬಂತು. ಮೂವತ್ತು ದಾಟಿದರೆ ತೀವ್ರ ಎನ್ನುತ್ತಾರೆ.

ನಮ್ಮ ವಿಷಯಕ್ಕೆ ಇದರ ಸಂಬಂಧ ನೇರವಾದದ್ದು. ಗಂಟಲಿನ ದಾರಿ ಮುಚ್ಚಿಕೊಂಡಾಗ ರಕ್ತದ ಆಮ್ಲಜನಕ ಕುಸಿಯುತ್ತದೆ, ಉಸಿರು ಮರಳಿದಾಗ ಒಮ್ಮೆಲೇ ಏರುತ್ತದೆ. ಹೀಗೆ ಬತ್ತಿ ಮತ್ತೆ ತುಂಬುವ ಪ್ರತಿ ಸುತ್ತಿನಲ್ಲಿಯೂ ಕ್ರಿಯಾಶೀಲ ಆಮ್ಲಜನಕ ಕಣಗಳು ಹುಟ್ಟುತ್ತವೆ. ಹೃದಯಾಘಾತದ ನಂತರ ಮುಚ್ಚಿದ ರಕ್ತನಾಳ ತೆರೆದಾಗ ಆಗುವ ಹಾನಿಗೂ ಇದಕ್ಕೂ ಕಾರ್ಯವಿಧಾನದಲ್ಲಿ ಹೋಲಿಕೆಯಿದೆ. ರಾತ್ರಿಯಿಡೀ, ಗಂಟೆಗೆ ಮೂವತ್ತಕ್ಕೂ ಹೆಚ್ಚು ಬಾರಿ ಇದು ನಡೆಯುತ್ತಿದ್ದ ದೇಹಕ್ಕೆ ಹಗಲಿನಲ್ಲಿ ಕ್ಯಾಪ್ಸೂಲ್ ಕೊಟ್ಟು ಉತ್ಕರ್ಷಣ ಒತ್ತಡವನ್ನು ತಗ್ಗಿಸಲು ಹೊರಟಿದ್ದರು. ಒತ್ತಡವನ್ನು ಸೃಷ್ಟಿಸುತ್ತಿದ್ದ ಅತಿ ದೊಡ್ಡ ಮೂಲಗಳಲ್ಲೊಂದು ಯಾರ ಪಟ್ಟಿಯಲ್ಲಿಯೂ ಇರಲಿಲ್ಲ.

ಗಾಳಿಯ ಒತ್ತಡದಿಂದ ಗಂಟಲಿನ ದಾರಿಯನ್ನು ತೆರೆದಿಡುವ ಸಿಪ್ಯಾಪ್ ಯಂತ್ರವನ್ನು ಅವರು ಮೊದಲು ಬಾಡಿಗೆಗೆ ಪಡೆದು, ಒಗ್ಗಿದ ಮೇಲೆ ಕೊಂಡರು. ಮುಖವಾಡ ಕಟ್ಟಿಕೊಂಡು ಮಲಗುವುದು ಸುಲಭವಾಗಿರಲಿಲ್ಲ. ಮೊದಲ ಮುಖವಾಡ ಕೆನ್ನೆಗೆ ಗಾಯ ಮಾಡಿತು, ದೀಪಾವಳಿಯ ಸುಮಾರಿಗೆ ಕೆಲವು ವಾರ ಅದನ್ನು ಪೂರ್ತಿ ಬಿಟ್ಟೇಬಿಟ್ಟರು. ಅದೇ ವಾರಗಳಲ್ಲಿ ಮದುವೆ ಊಟಗಳೂ ಸೇರಿ ತೂಕ ಒಂದೂವರೆ ಕಿಲೋ ಮರಳಿತು. ಮೂಗಿಗಷ್ಟೇ ಕೂರುವ ಚಿಕ್ಕ ಮುಖವಾಡ ಸಿಕ್ಕಿದ ಮೇಲೆ ರಾತ್ರಿಗೆ ಐದು ಗಂಟೆಯಾದರೂ ಬಳಸುವಂತಾದರು. ಮಧ್ಯಾಹ್ನದ ತೂಕಡಿಕೆ ಹೋದದ್ದು ಆಗ. ಸಿಹಿ ಕಾಫಿ ತಾನಾಗಿ ಬಿಟ್ಟುಹೋಯಿತು, ಸಂಜೆಯ ನಡಿಗೆ ಮರಳಿತು. ಊಟದ ಬಗ್ಗೆ ನಾನು ಹೇಳಿದ್ದ ಅರ್ಧದಷ್ಟು ಮಾತುಗಳು ಅವರಿಗೆ ಆಚರಣೆಗೆ ಸಾಧ್ಯವಾದದ್ದು ನಿದ್ದೆ ಸರಿಯಾದ ನಂತರವೇ.

ಫಲಿತಾಂಶ

ಒಂಬತ್ತು ತಿಂಗಳ ಹೊತ್ತಿಗೆ ತೂಕ 73.5 ಕಿಲೋ, ಸೊಂಟ 93 ಸೆಂ.ಮೀ., ಎಚ್‌ಬಿಎ1ಸಿ 5.8, ಎಎಲ್‌ಟಿ 28, ರಕ್ತದೊತ್ತಡ 126/80. ಬಿಎಂಐ ಇನ್ನೂ 31, ಬೊಜ್ಜು ಹೋಗಿಲ್ಲ. ಆದರೂ ಮೊದಲ ತೂಕದ ಶೇ. 9ರಷ್ಟು ಇಳಿಕೆಗೆ ದೊರೆತ ಫಲ ಗಮನಿಸಬೇಕಾದದ್ದು. ಬೊಜ್ಜಿದ್ದ ಒಂಬತ್ತು ಮಂದಿಗೆ ನಾಲ್ಕು ವಾರ ದಿನಕ್ಕೆ 1000 ಕ್ಯಾಲರಿಯ ಆಹಾರವನ್ನಷ್ಟೇ ಕೊಟ್ಟ, 2001ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಯಾವ ಪೂರಕವೂ ಇಲ್ಲದೆ ಬಿಳಿ ರಕ್ತಕಣಗಳ ಕ್ರಿಯಾಶೀಲ ಆಮ್ಲಜನಕದ ಉತ್ಪಾದನೆ ಸ್ಪಷ್ಟವಾಗಿ ಇಳಿದಿತ್ತು. ಅಷ್ಟು ಕಠಿಣ ಪಥ್ಯವನ್ನು ನಾವು ಇವರಿಗೆ ವಿಧಿಸಲಿಲ್ಲ. ದಿಕ್ಕು ಮಾತ್ರ ಅದೇ.

ಶಿಕ್ಷಕಿಗೆ ಎಂಡಿಎ ಪರೀಕ್ಷೆಯನ್ನು ಮತ್ತೆ ಮಾಡಿಸುವ ಆಸೆಯಿತ್ತು. ಫಿಜಿಶಿಯನ್ ಮತ್ತು ನಾನು ಬೇಡವೆಂದೆವು. ಆ ಪರೀಕ್ಷೆಯ ಸಾಮಾನ್ಯ ವಿಧಾನ ಎಂಡಿಎ ಅಲ್ಲದ ಇತರ ವಸ್ತುಗಳಿಗೂ ಬಣ್ಣ ತೋರಿಸುತ್ತದೆ, ರಕ್ತವನ್ನು ಇಟ್ಟುಕೊಂಡ ರೀತಿಯಿಂದಲೂ ಬದಲಾಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಸಂಖ್ಯೆ ಏರಿದ್ದರೂ ಇಳಿದಿದ್ದರೂ ನಾವು ಮಾಡುತ್ತಿದ್ದ ಯಾವುದೂ ಬದಲಾಗುತ್ತಿರಲಿಲ್ಲ. ಹಾಗೆ ಯಾವ ತೀರ್ಮಾನವನ್ನೂ ಬದಲಿಸದ ಪರೀಕ್ಷೆ ಭಯವನ್ನು ಮಾತ್ರ ಮಾರುತ್ತದೆ. ಸೊಂಟದ ಟೇಪು, ಎಚ್‌ಬಿಎ1ಸಿ, ಎಎಲ್‌ಟಿ ಇವಿಷ್ಟೇ ನಮ್ಮ ಅಳತೆಗಳಾಗಿ ಉಳಿದವು.

ಇತರರಿಗೆ ಉಪಯೋಗವಾಗಬಹುದಾದ ಅಂಶಗಳು

ಕ್ಲಿನಿಕ್ಕಿನಲ್ಲಿ ಕೂರುವವರಿಗೆ ಇಲ್ಲಿ ಮುಖ್ಯವೆನಿಸುವುದು ಪ್ರಶ್ನೆ ಕೇಳುವ ಬಗೆ. ಔಷಧಿ ಎಂದು ಕೇಳಿದಾಗ ಸಿಗದ ಉತ್ತರ, ಡಬ್ಬಿಗಳನ್ನು ತನ್ನಿ ಎಂದಾಗ ಸಿಕ್ಕಿತು. ನಿದ್ದೆಯ ಪ್ರಶ್ನೆಯನ್ನು ಜೊತೆಗೆ ಮಲಗುವವರಿಗೆ ಅಥವಾ ಪಕ್ಕದ ಕೋಣೆಯವರಿಗೆ ಕೇಳದೆ ಆಪ್ನಿಯಾ ತಿಳಿಯುವುದಿಲ್ಲ. ಬೊಜ್ಜು ಮತ್ತು ಆಯಾಸ ಎರಡೂ ಇರುವ ಮಹಿಳೆಗೆ ಈಗ ನಮ್ಮಲ್ಲಿ ಮೊದಲ ಭೇಟಿಯಲ್ಲಿಯೇ ಗೊರಕೆಯ ಬಗ್ಗೆ ಕೇಳುತ್ತೇವೆ, ಮನೆಯವರೊಬ್ಬರನ್ನು ಕರೆತರಲು ಹೇಳುತ್ತೇವೆ.

ಆಹಾರದ ಆ್ಯಂಟಿಆಕ್ಸಿಡೆಂಟ್‌ಗಳ ವಿಷಯದಲ್ಲಿ ನನ್ನ ನಿಲುವು ಹೀಗಿದೆ. ಸೊಪ್ಪು, ಹಣ್ಣು, ಕಾಳು ಒಳ್ಳೆಯದು ಮಾಡುವುದು ಅವುಗಳಲ್ಲಿನ ಒಂದು ಅಣು ರಕ್ತದಲ್ಲಿ ಅಲೆದು ಕ್ರಿಯಾಶೀಲ ಆಮ್ಲಜನಕ ಕಣವನ್ನು ಹಿಡಿದು ನುಂಗುತ್ತದೆ ಎಂಬ ಕಾರಣದಿಂದಲ್ಲ. ಅವು ಅನ್ನ, ಎಣ್ಣೆ, ಸಕ್ಕರೆಯ ಜಾಗವನ್ನು ಹಿಡಿಯುತ್ತವೆ, ಊಟದ ನಂತರದ ಸಕ್ಕರೆಯ ಏರಿಕೆಯನ್ನು ತಗ್ಗಿಸುತ್ತವೆ, ಕೆಲವು ಸಸ್ಯ ಸಂಯುಕ್ತಗಳು ದೇಹದ ಸ್ವಂತ ರಕ್ಷಣಾ ಕಿಣ್ವಗಳನ್ನು ಮೃದುವಾಗಿ ಎಚ್ಚರಿಸುತ್ತವೆ. ಈ ಯಾವುದನ್ನೂ ಕ್ಯಾಪ್ಸೂಲಿಗೆ ತುಂಬಲಾಗುವುದಿಲ್ಲ.

ಒಂದು ಪ್ರಶ್ನೆ ಮಾತ್ರ ಕೊನೆಯವರೆಗೂ ನಮ್ಮ ಮುಂದಿತ್ತು. ಫ್ಯಾಟಿ ಲಿವರ್‌ಗೆ ವಿಟಮಿನ್ ಇ ಒಳ್ಳೆಯದೆಂದು ಓದಿ ಶಿಕ್ಷಕಿಯ ತಮ್ಮ ಫೋನ್ ಮಾಡಿದ್ದರು. ಅವರು ಓದಿದ್ದು ತಪ್ಪಲ್ಲ. 2010ರ ಪಿವೆನ್ಸ್ ಪ್ರಯೋಗದಲ್ಲಿ ದಿನಕ್ಕೆ 800 ಯೂನಿಟ್ ವಿಟಮಿನ್ ಇ ಲಿವರಿನ ಉರಿಯೂತವನ್ನು ಕಡಿಮೆ ಮಾಡಿತ್ತು. ಆದರೆ ಅದರಲ್ಲಿದ್ದವರು ಬಯಾಪ್ಸಿಯಿಂದ ಉರಿಯೂತ ದೃಢಪಟ್ಟ, ಮಧುಮೇಹವಿಲ್ಲದ ವಯಸ್ಕರು. ಗ್ಯಾಸ್ಟ್ರೋಎಂಟರಾಲಜಿಸ್ಟ್ ಲಿವರಿನ ಗಡಸುತನ ಅಳೆಯುವ ಫೈಬ್ರೊಸ್ಕ್ಯಾನ್ ಮಾಡಿಸಿದರು. ಗಡಸುತನ ಸಹಜ ಮಿತಿಯಲ್ಲಿಯೇ ಇತ್ತು, ಕಿಣ್ವವೂ ಸಹಜಕ್ಕೆ ಮರಳಿತ್ತು. ಬಯಾಪ್ಸಿಗಾಗಲಿ ವಿಟಮಿನ್ ಇಗಾಗಲಿ ಕಾರಣ ಉಳಿದಿಲ್ಲವೆಂದು ಅವರು ಬರೆದರು. ಆರು ತಿಂಗಳಿಗೊಮ್ಮೆ ಎಎಲ್‌ಟಿ ಮತ್ತು ಎಚ್‌ಬಿಎ1ಸಿ ಪರೀಕ್ಷೆ, ತೂಕ ಇಳಿದಿರುವುದರಿಂದ ಸಿಪ್ಯಾಪ್ ಒತ್ತಡವನ್ನು ಮತ್ತೊಮ್ಮೆ ಹೊಂದಿಸಲು ಇನ್ನೊಂದು ನಿದ್ರಾ ಪರೀಕ್ಷೆ, ಇವು ಈಗ ಗೊತ್ತುಮಾಡಿರುವ ಮುಂದಿನ ಕ್ರಮಗಳು.